ಹೇಗೆ ಬಂತು ಟೀಚರ್

ಆ ಶಾಲೆಯ ಮೂರನೇ ಕ್ಲಾಸಿನ ಟೀಚರಿಗೂ ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಸಂಬಳದ ದಿನ ಬಿಟ್ಟರೆ ಅದು ಯಾರಿಗೂ ನೆನಪಾಗುತ್ತಿರಲಿಲ್ಲ. ಮಕ್ಕಳಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ, ಕೊನೆಗೆ ಗಂಟೆ ಹೊಡೆಯುವ ಜವಾನನಿಗೂ ಅವರು ‘ಹೇಗೆ ಬಂತು ಟೀಚರ್’. ಮಗು ಲೆಕ್ಕ ಮಾಡಿ ತಂದು ಮೇಜಿನ ಮೇಲಿಟ್ಟರೆ ಬೇರೆ ಟೀಚರುಗಳು ಸರಿ ಎಂದೋ ತಪ್ಪು ಎಂದೋ ಗೀಚಿ ಕಳಿಸುತ್ತಾರೆ. ಇವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ಹೇಗೆ ಬಂತು?” ಎಂದು ಕೇಳುತ್ತಾರೆ. ಉತ್ತರ ಸರಿಯಿದ್ದರೂ ಅದೇ ಪ್ರಶ್ನೆ, ತಪ್ಪಿದ್ದರೂ ಅದೇ ಪ್ರಶ್ನೆ. ಟೀಚರ ಮುಖ ನೋಡಿ ಉತ್ತರ ಬದಲಾಯಿಸುವ ವಿದ್ಯೆಯಲ್ಲಿ ಪಳಗಿದ ಮಕ್ಕಳ ಬೇಳೆ ಇವರ ಹತ್ತಿರ ಬೇಯುತ್ತಿರಲಿಲ್ಲ.

ಈ ಚಾಳಿ ಶಾಲೆಯ ಗೇಟಿನ ಒಳಗೇ ಇದ್ದಿದ್ದರೆ ಮನೆಯವರು ನೆಮ್ಮದಿಯಾಗಿರುತ್ತಿದ್ದರು. ನಲ್ಲಿ ರಿಪೇರಿಗೆ ಬಂದವನ ಪಕ್ಕ ಕುಕ್ಕರಗಾಲಲ್ಲಿ ಕೂತು, “ನೀರು ಇಲ್ಲೇ ಸೋರ್ತಾ ಇದೆ ಅಂತ ನಿಂಗೆ ಹೇಗೆ ಗೊತ್ತಾಯ್ತಪ್ಪ?” ಎಂದು ಶುರುಮಾಡಿದರೆ ಅವನ ಕೆಲಸ ಕೆಟ್ಟಿತೆಂದೇ ಲೆಕ್ಕ. ಒಬ್ಬನಂತೂ ಟೀಚರ ಗಂಡನನ್ನು ಪಕ್ಕಕ್ಕೆ ಕರೆದು, “ಸಾರ್, ಅಮ್ಮಾವ್ರನ್ನ ಸ್ವಲ್ಪ ಒಳಗೆ ಕರ್ಕೊಳ್ಳಿ, ನನಗೇ ಅನುಮಾನ ಬರೋಕೆ ಶುರುವಾಗಿದೆ,” ಎಂದು ಗೋಗರೆದಿದ್ದ. ಚಿಕ್ಕಂದಿನಲ್ಲಿ ಕುಂಡದಲ್ಲಿ ಕಾಳು ಬಿತ್ತಿ, ಮೊಳಕೆ ಬಂತೇ ಎಂದು ದಿನಾ ಕಿತ್ತು ನೋಡಿ, ಒಂದನ್ನೂ ಗಿಡವಾಗಲು ಬಿಡದಿದ್ದ ಹುಡುಗಿ ಅವರು. ಆಮೇಲೂ ಬುದ್ಧಿ ಬರಲಿಲ್ಲ, ಬರುವ ಲಕ್ಷಣವೂ ಕಾಣುತ್ತಿರಲಿಲ್ಲ.

ಇಷ್ಟು ವರ್ಷ ಅವರ ಪ್ರಶ್ನೆಗೆ ಶಾಲೆಯಲ್ಲಿ ಜಾಗವಿರಲಿಲ್ಲ. ಕೇಳುವುದನ್ನು ಕೇಳಿ, ಕೊನೆಗೆ ಎಲ್ಲರಂತೆ ಅವರೂ ಅಂಕ ಹಾಕಬೇಕಿತ್ತು. ಅಂಕ ಬಿದ್ದ ಮೇಲೆ ಮಾತು ನಿಂತುಹೋಗುತ್ತದೆ ಎಂಬುದು ಅವರ ಹಳೇ ತಕರಾರು. ಅಪ್ಪ ಅಂಕ ನೋಡುತ್ತಾನೆ, ಬೆನ್ನು ತಟ್ಟುತ್ತಾನೆ ಅಥವಾ ಬೆನ್ನಿಗೆ ಹಾಕುತ್ತಾನೆ, ಅಲ್ಲಿಗೆ ಮುಗಿಯಿತು. ಹೀಗಿರುವಾಗ ಒಂದು ವರ್ಷ ಮೇಲಿನಿಂದ ಹೊಸ ಸುತ್ತೋಲೆ ಬಂತು. ಚಿಕ್ಕ ಕ್ಲಾಸುಗಳಿಗೆ ಅಂಕವೂ ಇಲ್ಲ, ರ‍್ಯಾಂಕೂ ಇಲ್ಲ. ಪುಸ್ತಕಗಳೂ ಬದಲಾದವು. ಮಗ್ಗಿಯ ಪುಟ ಹಿಂದಕ್ಕೆ ಸರಿದು, ‘ನಿಮ್ಮ ಮನೆಯಲ್ಲಿ ಎಷ್ಟು ಕಿಟಕಿಗಳಿವೆ, ಹೇಗೆ ಎಣಿಸಿದಿರಿ, ಗೆಳೆಯರಿಗೆ ಹೇಳಿ’ ಎಂಬಂಥ ಪ್ರಶ್ನೆಗಳು ಮುಂದೆ ಬಂದು ಕೂತವು. ಓದಿದ ಟೀಚರಿಗೆ ಯಾರೋ ತಮ್ಮ ಮನಸ್ಸನ್ನೇ ಕದ್ದು ಅಚ್ಚುಹಾಕಿಸಿದ್ದಾರೆ ಅನ್ನಿಸಿ ಮೈಯೆಲ್ಲ ಖುಷಿಯಾಯಿತು.

ಆ ಖುಷಿಯನ್ನು ಹೆಡ್ಮಾಸ್ಟರು ಗಮನಿಸಿದ್ದೇ ತಪ್ಪಾಯಿತು. “ನೀವು ಮೊದಲಿಂದ ಇದನ್ನೇ ತಾನೇ ಮಾಡ್ತಾ ಇದ್ದಿದ್ದು? ಪೋಷಕರಿಗೆ ನೀವೇ ಅರ್ಥ ಮಾಡಿಸಿಬಿಡಿ,” ಎಂದು ಜವಾಬ್ದಾರಿಯನ್ನು ಇವರ ತಲೆಗೆ ಕಟ್ಟಿ ಕೈ ತೊಳೆದುಕೊಂಡರು. ಪ್ರಶ್ನೆ ಕೇಳುವುದರಲ್ಲಿ ಟೀಚರದು ಎತ್ತಿದ ಕೈ, ನಿಜ. ಆದರೆ ಎದ್ದು ನಿಂತು ಹೇಳುವುದು ಬೇರೆಯೇ ಕಸುಬು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ಸಭೆ ಒಂದು ಶನಿವಾರ ಮಧ್ಯಾಹ್ನ ಮೂರನೇ ಕ್ಲಾಸಿನ ಕೋಣೆಯಲ್ಲೇ ನಡೆಯಿತು. ಮಕ್ಕಳ ಪುಟ್ಟ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಟೀಚರು ತರಬೇತಿಯಲ್ಲಿ ಕೊಟ್ಟ ಕೈಪಿಡಿ ಬಿಚ್ಚಿ ಓದಿದರು: ನಿರಂತರ ಮೌಲ್ಯಮಾಪನ, ಸಾಮರ್ಥ್ಯಾಧಾರಿತ ಪಠ್ಯಕ್ರಮ, ಕಲಿಕಾ ಫಲ. ಹಿಂದಿನ ಬೆಂಚಿನ ತಾಯಿಯೊಬ್ಬಳು ಸೆರಗಿನ ಮರೆಯಲ್ಲಿ ಆಕಳಿಸಿದಳು. ಆಕಳಿಕೆ ಬೆಂಚಿನಿಂದ ಬೆಂಚಿಗೆ ಹಬ್ಬಿ ಮುಂದಿನ ಸಾಲಿನ ಟೈಲರನ ತನಕ ಬಂತು.

“ಟೀಚರ್, ಬೇಜಾರು ಮಾಡ್ಕೋಬೇಡಿ,” ಎಂದ ಟೈಲರ್, ಆಕಳಿಕೆಗೆ ಅಡ್ಡ ಹಿಡಿದ ಕೈ ಇಳಿಸಿ. “ಒಂದೇ ಮಾತಲ್ಲಿ ಹೇಳಿ. ನನ್ನ ಮಗ ಪಾಸಾ, ಫೇಲಾ?”

“ಪಾಸು ಫೇಲು ಅಂತ ಇರಲ್ಲ ಈಗ. ನಿಮಗೆ ಕೊಟ್ಟ ಪ್ರೋಗ್ರೆಸ್ ಕಾರ್ಡಲ್ಲಿ ಮೂರು ಮಾತಿದೆ ನೋಡಿ. ‘ಆರಂಭವಾಗಿದೆ’, ‘ಪ್ರಗತಿಯಲ್ಲಿದೆ’, ‘ಸಾಧಿಸಿದೆ’. ನಿಮ್ಮ ಮಗಂದು ಲೆಕ್ಕದಲ್ಲಿ ‘ಪ್ರಗತಿಯಲ್ಲಿದೆ’.”

“ಪ್ರಗತಿಯಲ್ಲಿದೆ ಅಂದ್ರೆ, ಹೊರಗಡೆ ರಸ್ತೆ ಥರಾನಾ?”

ಶಾಲೆಯ ಮುಂದಿನ ರಸ್ತೆಯನ್ನು ಯಾವ ಕಾಲದಲ್ಲೋ ಅಗೆದು ಹಾಕಿದ್ದರು. ‘ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ’ ಎಂಬ ಬೋರ್ಡು ತುಕ್ಕು ಹಿಡಿದು ಒಂದು ಕಡೆಗೆ ವಾಲಿಕೊಂಡಿತ್ತು. ಅದರ ಪಕ್ಕದ ಗುಂಡಿಗೆ ಬೀಳದೆ ಆ ದಿನ ಸಭೆಗೆ ಬಂದವರೇ ಇರಲಿಲ್ಲ. ಕೋಣೆಗೆ ಕೋಣೆಯೇ ಗೊಳ್ಳೆಂದಿತು. ನಗು ತಡೆಯಲಾರದೆ ಹೆಡ್ಮಾಸ್ಟರು ಕಿಟಕಿಯ ಕಡೆ ತಿರುಗಿ ನಿಂತರು. ಟೀಚರಿಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಆ ಕಾರ್ಡನ್ನು ಕೈಯಲ್ಲಿ ಹಿಡಿದ ಪ್ರತಿಯೊಬ್ಬ ತಾಯಿಯ ಕಣ್ಣಿಗೂ ತನ್ನ ಮಗು ಅಗೆದು ಬಿಟ್ಟ ರಸ್ತೆಯ ಹಾಗೆ ಕಂಡಿತ್ತು ಎಂಬುದು ಅವರಿಗೆ ಆಗಲೇ ಅರ್ಥವಾದದ್ದು.

ನಗದೆ ಕೂತವನು ಒಬ್ಬನೇ, ಲೇತ್ ಮಿಷನ್ನಿನ ಅಂಗಡಿಯವನು. ಎಲ್ಲರೂ ಲೇತಪ್ಪ ಎಂದೇ ಕರೆಯುತ್ತಿದ್ದ ಅವನು ನಗು ಇಳಿಯುವ ತನಕ ಕಾದು, ಬೆಂಚಿನಿಂದ ಕಷ್ಟಪಟ್ಟು ಎದ್ದು ನಿಂತ. “ನಾನು ಕಬ್ಬಿಣ ಕಡೆಯೋನು ಟೀಚರ್. ಅಳತೆ ಇಲ್ಲದ ಕೆಲಸ ನಮ್ಮಲ್ಲಿ ಕೆಲಸಾನೇ ಅಲ್ಲ. ನನ್ನ ಮಗಳು ಎಷ್ಟು ಅಂತ ಹೇಳೋಕೆ ನಿಮ್ಮ ಕೈಲಿ ಆಗಲ್ಲ ಅಂದ್ರೆ, ಹೇಳೋ ಶಾಲೆ ಬೇರೆ ಇದೆ,” ಎಂದು ನಮಸ್ಕಾರ ಹೇಳಿ ಹೊರಟೇಬಿಟ್ಟ.

ಮನೆಗೆ ಬಂದು ಟೀಚರು ಅತ್ತೆಯ ಮುಂದೆ ಎಲ್ಲವನ್ನೂ ಒಪ್ಪಿಸಿದರು. ಅತ್ತೆಗೆ ಮಂಡಿ ನೋವು, ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ. “ಕಲಿಕಾ ಫಲ ಅಂದ್ಯಲ್ಲ, ಅದು ಹಣ್ಣೋ ಕಾಯೋ ಅಂತ ಯಾರೂ ಕೇಳಲಿಲ್ವಾ?” ಎಂದರು.

“ನೀವೂ ಸೇರ್ಕೊಳ್ಳಿ ಅತ್ತೆ.”

“ಅಲ್ಲ ಕಣೇ, ನೀನು ಮದುವೆಯಾಗಿ ಬಂದಾಗಿನಿಂದ ಒಂದು ವಿಷಯ ನೆಟ್ಟಗೆ ಹೇಳಿದ್ದು ನಾನು ಕೇಳಿಲ್ಲ. ಬರೀ ಕೇಳ್ತೀಯ. ಕೇಳೋದ್ರಲ್ಲೇ ಸಂಸಾರ ಮಾಡಿದೋಳು, ಇವತ್ತು ಯಾಕೆ ಭಾಷಣ ಮಾಡೋಕೆ ಹೋದೆ?”

ಎಂದೂ ನಡುವೆ ಬಾಯಿ ಹಾಕದ ಗಂಡ, ಮಾತ್ರೆಯ ಪಟ್ಟಿ ಕತ್ತರಿಸುತ್ತ ತಲೆಯೆತ್ತದೆ, “ಅಮ್ಮ ಹೇಳೋದು ಸರಿ,” ಎಂದರು. ಅತ್ತೆ ಹೇಳಿದ್ದಕ್ಕಿಂತ ಗಂಡ ಬಾಯಿ ಬಿಟ್ಟದ್ದು ಟೀಚರನ್ನು ಹೆಚ್ಚು ಚುಚ್ಚಿತು.

ಲೇತಪ್ಪನ ದೊಡ್ಡ ಮಗಳು ಟೀಚರ ಕ್ಲಾಸಿನಲ್ಲೇ ಇದ್ದಳು. ಮಕ್ಕಳು ಅವಳನ್ನು ರಬ್ಬರ್ ಪುಟ್ಟಿ ಎನ್ನುತ್ತಿದ್ದರು. ಬರೆದದ್ದಕ್ಕಿಂತ ಅವಳು ಅಳಿಸಿದ್ದೇ ಹೆಚ್ಚು. ಪುಟ್ಟಿಯ ಪುಸ್ತಕದ ಹಾಳೆಗಳು ಉಜ್ಜಿ ಉಜ್ಜಿ ತೆಳ್ಳಗಾಗಿ, ಒಂದೆರಡು ಕಡೆ ತೂತೂ ಬಿದ್ದಿದ್ದವು. ಟೀಚರಿಗೆ ಬಿಡಿಸಲಾಗದ ಒಗಟು ಈ ಹುಡುಗಿ. ಬಾಯಲ್ಲಿ ಸಣ್ಣ ಲೆಕ್ಕ ಕೇಳಿದರೆ ಕೂಡುವುದು ಕಳೆಯುವುದು ಪಟಪಟನೆ ಹೇಳುತ್ತಾಳೆ. ಪುಸ್ತಕದಲ್ಲಿ ಅಚ್ಚಾದ ಲೆಕ್ಕವನ್ನೂ ಮಾಡುತ್ತಾಳೆ. ಟೀಚರು ಓದಿ ಹೇಳಿ ಬರೆಸಿದರೆ ಮಾತ್ರ ಎಲ್ಲೋ ಒಂದೊಂದು ಕಡೆ ಊರಾಚೆಯ ಉತ್ತರ. “ಹೇಗೆ ಬಂತು ಪುಟ್ಟಿ?” ಎಂದು ಕೇಳಿದರೆ ಮುಗಿಯಿತು, ಮರುಮಾತಿಲ್ಲದೆ ಅಳಿಸಿಬಿಡುತ್ತಾಳೆ. ಮನೆಯಲ್ಲಿ ಅಪ್ಪ ಅದೇ ಎರಡು ಮಾತನ್ನು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದ. ಹಾಗಾಗಿ ಅವಳ ಕಿವಿಗೆ ಅದು ಪ್ರಶ್ನೆಯಾಗಿ ಬೀಳುತ್ತಲೇ ಇರಲಿಲ್ಲ, ಬೈಗುಳವಾಗಿ ಬೀಳುತ್ತಿತ್ತು. ಕಿವಿ ಮಂದವಿರಬಹುದೇ ಎಂದು ಟೀಚರು ಅವಳ ತಾಯಿಗೆ ಹೇಳಿ ಡಾಕ್ಟರ ಹತ್ತಿರ ಕಳಿಸಿದ್ದೂ ಆಗಿತ್ತು. ಡಾಕ್ಟರು ಇಣುಕಿ, ಊದಿ, ಪಿಸುಗುಟ್ಟಿ ನೋಡಿ, “ಇವಳ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ,” ಎಂದು ವಾಪಸು ಕಳಿಸಿದ್ದರು.

ಸಭೆ ಕಳೆದ ಮೇಲೆ ಒಂದು ಬೆಳಿಗ್ಗೆ ಆ ತಾಯಿ ಗೇಟಿನ ಹತ್ತಿರ ಟೀಚರನ್ನು ತಡೆದು ನಿಲ್ಲಿಸಿದಳು. ಪುಟ್ಟಿ ಮತ್ತು ಎರಡನೇ ಕ್ಲಾಸಿನಲ್ಲಿದ್ದ ಅವಳ ತಂಗಿ ಒಳಗೆ ಓಡಿಹೋಗುವ ತನಕ ಸುಮ್ಮನಿದ್ದು, ಆಮೇಲೆ ಬಾಯಿಬಿಟ್ಟಳು.

“ಟೀಚರ್, ಅವರು ಇಬ್ಬರನ್ನೂ ಆ ಕಡೆ ಶಾಲೆಗೆ ಸೇರಿಸ್ತಾ ಇದ್ದಾರೆ. ಅಲ್ಲಿ ವಾರವಾರ ಪರೀಕ್ಷೆ, ಗೋಡೆ ಮೇಲೆ ರ‍್ಯಾಂಕು ಬರೆದು ಹಾಕ್ತಾರಂತೆ. ಹೋಗಲಿ ಅಂದ್ರೆ, ಅಲ್ಲಿ ಪುಟ್ಟಿಗೆ ಒಂದು ಪರೀಕ್ಷೆ ಕೊಟ್ರು. ಅರ್ಧಕ್ಕರ್ಧ ಖಾಲಿ ಬಿಟ್ಟು ಬಂದಿದ್ದಾಳೆ. ಒಂದು ಕ್ಲಾಸು ಹಿಂದಕ್ಕೆ ಹಾಕ್ತೀವಿ, ಒಪ್ಪಿಗೆ ಇದ್ರೆ ಕರ್ಕೊಂಡು ಬನ್ನಿ ಅಂದಿದ್ದಾರೆ.”

“ಹಿಂದಕ್ಕೆ ಅಂದ್ರೆ ಎರಡನೇ ಕ್ಲಾಸಿಗಾ? ತಂಗಿ ಜೊತೆಗೆ?”

“ಅದೇ ಟೀಚರ್. ಅಕ್ಕ ತಂಗಿ ಒಂದೇ ಬೆಂಚಲ್ಲಿ. ಚಿಕ್ಕವಳು ಚೂಟಿ, ಬೇಗ ಬೇಗ ಬರೀತಾಳೆ. ಇವಳು ಅಲ್ಲಿ ಕೂತು…” ತಾಯಿ ಮಕ್ಕಳು ಹೋದ ಕಡೆ ತಿರುಗಿ ನೋಡಿದಳು. “ಪುಟ್ಟಿಗೆ ಇನ್ನೂ ಹೇಳಿಲ್ಲ. ಸುಮ್ನೆ ಶಾಲೆ ನೋಡ್ಕೊಂಡು ಬರೋಣ ಅಂತ ಕರ್ಕೊಂಡು ಹೋಗಿದ್ವಿ ಅಂದಿದ್ದೀವಿ. ಈ ತಿಂಗಳು ಮುಗಿದ ಮೇಲೆ ಸೇರಿಸೋದು ಅಂತ ತೀರ್ಮಾನ.”

ಆ ದಿನ ಟೀಚರಿಗೆ ಪಾಠದ ಮೇಲೆ ಗಮನ ನಿಲ್ಲಲಿಲ್ಲ. ಲೇತಪ್ಪನ ಮೇಲೆ ಸಿಟ್ಟು ಬಂತು, ಆ ಶಾಲೆಯ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಮೇಲೆಯೇ ಬಂತು. ಒಂದು ಮಗುವಿನ ತಲೆಯೊಳಗೆ ಏನು ನಡೆಯುತ್ತಿದೆ ಎಂದು ಪತ್ತೆಹಚ್ಚಲು ಆಗದವರು ಊರಿಗೆಲ್ಲ ಹೊಸ ಪದ್ಧತಿ ವಿವರಿಸಲು ಹೊರಟರಲ್ಲ ಎಂದು ತಮಗೆ ತಾವೇ ಛೀಮಾರಿ ಹಾಕಿಕೊಂಡರು. ಸಂಜೆ ಕಾಲು ತಾನಾಗಿ ಲೇತ್ ಅಂಗಡಿಯ ಕಡೆ ನಡೆಯಿತು.

ಅಂಗಡಿಯೆಂದರೆ ಒಂದು ಶೆಟರಿನ ಅಗಲದ ಕೋಣೆ. ನೆಲದ ತುಂಬ ಕಬ್ಬಿಣದ ಹೊಳೆಯುವ ಸುರುಳಿಗಳು, ಗಾಳಿಯಲ್ಲಿ ಸುಟ್ಟ ಎಣ್ಣೆಯ ವಾಸನೆ. ಲೇತಪ್ಪ ತಿರುಗುತ್ತಿದ್ದ ಶಾಫ್ಟಿನಿಂದ ಕಣ್ಣು ತೆಗೆಯದೆ ಸ್ಟೂಲು ತೋರಿಸಿದ. ಟೀಚರು ಮಗಳ ಮಾತು ಎತ್ತಬೇಕೆಂದೇ ಬಂದವರು. ಆದರೆ ಕುತೂಹಲದ ಮುಂದೆ ಅವರ ಆಟ ನಡೆಯುವುದುಂಟೇ? ಮೂಲೆಯಲ್ಲಿ ಬಿದ್ದಿದ್ದ ಕೆಟ್ಟ ತುಂಡೊಂದನ್ನು ಎತ್ತಿಕೊಂಡು, “ಇದು ಯಾಕೆ ಕೆಡ್ತು?” ಎಂದು ಕೇಳಿಯೇಬಿಟ್ಟರು.

ಲೇತಪ್ಪ ಮಿಷನ್ ನಿಲ್ಲಿಸಿ ಅದನ್ನು ಬೆಳಕಿಗೆ ಹಿಡಿದ. “ನೋಡಿ, ಮೈಮೇಲೆ ಗೆರೆ ಗೆರೆ ಬಿದ್ದಿದ್ರೆ ಟೂಲ್ ಮೊಂಡಾಗಿದೆ ಅಂತ ಅರ್ಥ. ಇದ್ರಲ್ಲಿ ಗೆರೆ ಇಲ್ಲ. ಈ ತುದಿ ದಪ್ಪ, ಆ ತುದಿ ಸಣ್ಣ. ಅಂದ್ರೆ ಕೂರಿಸುವಾಗಲೇ ಓರೆ ಕೂತಿದೆ. ಟೂಲಿಂದು ತಪ್ಪಿಲ್ಲ.”

“ಎಷ್ಟು ಚೆನ್ನಾಗಿ ಓದ್ತೀರಿ! ಹಾಳಾಗಿದೆ ಅಂತ ಎಸೆದುಬಿಡಲಿಲ್ಲ ನೀವು.”

ಅವರು ಎಲ್ಲಿಗೆ ಬರುತ್ತಿದ್ದಾರೆಂದು ಲೇತಪ್ಪನಿಗೆ ತಕ್ಷಣ ವಾಸನೆ ಬಡಿಯಿತು. “ಕಬ್ಬಿಣಕ್ಕೂ ಮಕ್ಕಳಿಗೂ ಹೋಲಿಸ್ಬೇಡಿ ಟೀಚರ್. ಕಬ್ಬಿಣ ಏನಾಯ್ತು ಅಂತ ತೋರಿಸಿಕೊಡುತ್ತೆ. ನನ್ನ ಮಗಳು ಅಳಿಸಿಬಿಡ್ತಾಳೆ,” ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. “ಅವಳಿಗೆ ಏನೂ ತಲೆಗೆ ಹತ್ತುತ್ತಾ ಇಲ್ಲ. ಈಗ ಹಿಂದಕ್ಕೆ ಹಾಕಿದ್ರೆ ಮುಂದಕ್ಕಾದ್ರೂ ನೆಟ್ಟಗಾಗ್ತಾಳೆ.”

“ಇನ್ನೊಂದು ಸಭೆ ಕರೀತೀನಿ. ಪುಟ್ಟಿನ ಕರ್ಕೊಂಡು ಬನ್ನಿ. ಅದಾದ ಮೇಲೆ ನೀವು ಏನು ಮಾಡಿದ್ರೂ ನಾನು ಅಡ್ಡ ಬರಲ್ಲ,” ಎಂದಷ್ಟೇ ಹೇಳಿ ಟೀಚರು ಎದ್ದರು. ಸೆರಗಿಗೆ ಒಂದು ಕಬ್ಬಿಣದ ಸುರುಳಿ ಸಿಕ್ಕಿಕೊಂಡು ಮನೆಯ ತನಕ ಜೊತೆಯಲ್ಲೇ ಬಂತು.

ಎರಡನೇ ಸಭೆಗೆ ಅವರು ಕೈಪಿಡಿ ತರಲಿಲ್ಲ. ಮಕ್ಕಳೂ ಅಪ್ಪ ಅಮ್ಮಂದಿರ ಪಕ್ಕದಲ್ಲಿ ಕೂತಿದ್ದರು. ಲೇತಪ್ಪ ಪುಟ್ಟಿಯ ಜೊತೆ ಮುಂದಿನ ಸಾಲಿಗೇ ಬಂದಿದ್ದ. ಅವನ ಹೆಂಡತಿ ಚಿಕ್ಕವಳನ್ನು ಜಗಲಿಯಲ್ಲಿ ಆಡಲು ಬಿಟ್ಟು ಬಾಗಿಲ ಹತ್ತಿರ ನಿಂತಿದ್ದಳು. “ಹೋದ ಸಲ ನಾನು ಮಾತಾಡಿದ್ದು ನನಗೇ ಅರ್ಥ ಆಗಿರಲಿಲ್ಲ,” ಎಂದು ಟೀಚರು ಶುರುಮಾಡಿದರು. “ಇವತ್ತು ನೀವು ಹೇಳಿ. ಅಂಕ ಇಲ್ಲ ಅಂದ್ರೆ ನಿಮಗೆ ಯಾವುದರ ಭಯ?”

“ಭಯ ಏನೂ ಇಲ್ಲ,” ಎಂದು ಲೇತಪ್ಪ ಎದ್ದ. “ಎಲ್ರೆದುರಿಗೂ ನಾನೇ ತೋರಿಸ್ತೀನಿ. ಪುಟ್ಟೀ, ಹೋಗು, ಬೋರ್ಡಿನ ಮೇಲೆ ಬರಿ. ಒಂಬೈನೂರ ಐವತ್ತು.”

ಹುಡುಗಿ ಹೋಗಿ ಸೀಮೆಸುಣ್ಣ ತೆಗೆದುಕೊಂಡಳು. ತುಟಿ ಅಲ್ಲಾಡಿಸಿಕೊಂಡು, ತಡವರಿಸದೆ, ದುಂಡಗೆ ಬರೆದಳು: 1550.

ಯಾರೋ “ಅಯ್ಯೋ” ಎಂದರು. ಲೇತಪ್ಪನ ಮುಖ ಕಪ್ಪಿಟ್ಟಿತು. “ನೋಡಿದ್ರಾ? ಒಂಬೈನೂರ ಐವತ್ತು ಬರೆಯೋಕೆ ಬರಲ್ಲ, ಮೂರನೇ ಕ್ಲಾಸಿಗೆ. ಇದಕ್ಕೆ ಏನಂತ ಹಾಕ್ತೀರಿ ಕಾರ್ಡಲ್ಲಿ?”

ಪುಟ್ಟಿಯ ಕೈ ಆಗಲೇ ಡಸ್ಟರಿನ ಮೇಲಿತ್ತು. ಟೀಚರು ಎರಡೇ ದಾಪುಗಾಲಿಗೆ ಹೋಗಿ ಡಸ್ಟರನ್ನು ಕಿತ್ತುಕೊಂಡು ಬೆನ್ನ ಹಿಂದೆ ಅಡಗಿಸಿದರು. ಬಾಯಿಗೆ ಅಭ್ಯಾಸಬಲದಿಂದ ಬರುತ್ತಿದ್ದ ಎರಡು ಮಾತನ್ನು ಅಲ್ಲೇ ನುಂಗಿಕೊಂಡರು. ಈ ಮಗುವಿನ ಹತ್ತಿರ ಆ ಪ್ರಶ್ನೆ ಇಷ್ಟು ದಿನವೂ ಸೋತಿತ್ತು. ಬಗ್ಗಿ, ಮೆಲ್ಲಗೆ ಬೇರೆಯದನ್ನೇ ಕೇಳಿದರು: “ಅಪ್ಪ ಏನು ಹೇಳಿದ್ರು ಪುಟ್ಟಿ? ಅವರು ಹೇಳಿದ ಹಾಗೇ ನೀನೂ ಹೇಳು.”

“ಅಪ್ಪ ಹೇಳಿದ್ದೇ ಬರ್ದಿದ್ದೀನಿ,” ಎಂದಳು ಪುಟ್ಟಿ. ಕಣ್ಣು ತುಂಬಿತ್ತು, ಆದರೆ ದನಿಯಲ್ಲಿ ಅನ್ಯಾಯವಾದವರ ಬಿಸಿಯಿತ್ತು. ಬೆರಳಿನಿಂದ ಒಂದೊಂದೇ ಅಂಕಿ ಮುಟ್ಟಿದಳು. “ಒಂ… ಬೈನೂರ… ಐವತ್ತು. ಒಂದು. ಐನೂರು. ಐವತ್ತು. ಅಪ್ಪಾನೇ ಹೇಳಿದ್ದು.”

ಟೀಚರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

“ಒಂಬತ್ತು ನೂರು ಬರಿ ನೋಡೋಣ.”

ಪುಟ್ಟಿ 900 ಎಂದು ಬರೆದಳು.

“ಒಂಬತ್ತು ನೂರು, ಒಂಬೈನೂರು, ಇವೆರಡೂ ಬೇರೆ ಬೇರೆನಾ?”

“ಹೂಂ,” ಎಂದಳು ಪುಟ್ಟಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

“ಹಾಗಾದ್ರೆ ಸಾವಿರದ ಐನೂರು?”

ಅವಳು 1500 ಎಂದು ಬರೆದು, ಕೇಳುವ ಮೊದಲೇ ವಿವರಿಸಿದಳು: “ಒಂಬೈನೂರು ಅಂದ್ರೂ ಇದೇ. ಇದಕ್ಕೆ ಎರಡು ಹೆಸರು. ನನಗೂ ಎರಡು ಇದೆಯಲ್ಲ, ಮನೇಲಿ ಒಂದು, ಶಾಲೇಲಿ ಒಂದು.”

ಆಮೇಲೆ ಆ ಕೋಣೆಯಲ್ಲಿ ಆದದ್ದನ್ನು ನೋಡಬೇಕಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಆ ಮಾತನ್ನು ಬಾಯೊಳಗೆ ಹೊರಳಿಸಿ ನೋಡತೊಡಗಿದರು. ಒಂಬೈನೂರು. ಒಂ-ಬೈ-ನೂರು. “ಅರೆ, ಇದರ ಹೊಟ್ಟೇಲಿ ಐನೂರು ಕೂತಿದೆಯಲ್ರೀ!” ಎಂದು ಟೈಲರ್ ಕೂಗಿದ. “ಹುಟ್ಟಿದಾಗಿನಿಂದ ಹೇಳ್ತಾ ಇದ್ದೀನಿ, ನನ್ನ ಕಿವಿಗೆ ಬಿದ್ದೇ ಇರಲಿಲ್ಲ.” ಆಕಳಿಸಿದ್ದ ತಾಯಿಗೆ ಈಗ ನಿದ್ದೆ ಪೂರಾ ಹಾರಿಹೋಗಿತ್ತು. “ಏಳುನೂರು ಅಂತೀವಿ, ಎಂಟುನೂರು ಅಂತೀವಿ, ಒಂಬತ್ತುನೂರು ಅನ್ನೋಕೆ ನಮ್ಮ ಹಿರಿಯರಿಗೆ ಏನು ಧಾಡಿಯಾಗಿತ್ತು?” ಎಂದು ಕೇಳಿದಳು. ಹಿಂದಿನಿಂದ ಒಬ್ಬ ಅಜ್ಜಿ, “ನಾನೂರು ಅಂದ್ರೆ ನಾನು, ಊರು ಅಂತ ಬರೀಬಹುದು ಹಾಗಾದ್ರೆ!” ಎಂದು ಸೇರಿಸಿ ಎಲ್ಲರನ್ನೂ ಇನ್ನೊಮ್ಮೆ ನಗಿಸಿದರು. ಒಂಬತ್ತರೊಳಗೆ ಈ ‘ಐ’ ಎಲ್ಲಿಂದ ಬಂದು ಸೇರಿತು ಟೀಚರ್ ಎಂದು ನಾಲ್ಕು ಕಡೆಯಿಂದ ಕೇಳಿದರು.

“ನನಗೂ ಗೊತ್ತಿಲ್ಲ,” ಎಂದರು ಟೀಚರು. ಗೊತ್ತಿಲ್ಲ ಎನ್ನುವಾಗ ಇಷ್ಟು ಸಂತೋಷಪಟ್ಟವರನ್ನು ಆ ಶಾಲೆ ಹಿಂದೆ ಕಂಡಿರಲಿಲ್ಲ.

ಲೇತಪ್ಪ ಮಾತ್ರ ಬೋರ್ಡನ್ನೇ ನೋಡುತ್ತ ನಿಂತಿದ್ದ. ಬೆಳಕಿಗೆ ಹಿಡಿದ ಕೆಟ್ಟ ತುಂಡನ್ನು ನೋಡುವಾಗ ಇದ್ದ ಮುಖವೇ ಈಗಲೂ ಇತ್ತು. “ಒಂಬತ್ತು ನೂರರಲ್ಲಿ ಇನ್ನೂರ ಐವತ್ತು ಹೋದ್ರೆ?” ಎಂದು ಕೇಳಿದ.

“ಆರುನೂರ ಐವತ್ತು.”

“ಆ ಶಾಲೇಲಿ… ಅಲ್ಲಿ ಏನು ಕೇಳಿದ್ರು ನಿನ್ನ?”

“ಒಂಬೈನೂರರಲ್ಲಿ ಇನ್ನೂರು ಕಳಿ ಅಂದ್ರು. ಸಾವಿರದ ಮುನ್ನೂರು ಅಂತ ಬರ್ದೆ. ಮಿಸ್ಸು ನೋಡಿ ಹೀಗೆ ಮುಖ ಮಾಡಿದ್ರು.” ಪುಟ್ಟಿ ಮುಖ ಸಿಂಡರಿಸಿ ತೋರಿಸಿದಳು. “ಅದಕ್ಕೆ ಅಲ್ಲೀ ತನಕ ಬರ್ದಿದ್ದು ಎಲ್ಲಾನೂ ಅಳಿಸ್ಬಿಟ್ಟೆ. ಬೇರೆ ಲೆಕ್ಕಾನೂ.”

ಲೇತಪ್ಪ ಬೆರಳು ಮಡಿಸಿ ಎಣಿಸಿದ. ಸಾವಿರದ ಐನೂರರಲ್ಲಿ ಇನ್ನೂರು ಹೋದರೆ ಸಾವಿರದ ಮುನ್ನೂರು. ಕಳೆಯುವುದು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು.

“ಆದ್ರೂ ಟೀಚರ್, ಒಂಬೈನೂರು ಅಂದ್ರೆ ಒಂಬೈನೂರೇ ತಾನೇ ಬರೀಬೇಕು?” ಎಂದ ಟೈಲರ್. ಹೊಸದಕ್ಕೆಲ್ಲ ತಲೆದೂಗುವ ಜಾತಿಯವನಲ್ಲ ಅವನು.

“ಬರೀಲೇಬೇಕು. ತಪ್ಪನ್ನ ನಾನು ಸರಿ ಅನ್ನಲ್ಲ. ನಾಳೆಯಿಂದ ಇವಳು ಸರಿಯಾಗೇ ಬರೀತಾಳೆ, ಅದಕ್ಕೆ ಒಂದು ಗಳಿಗೆ ಸಾಕು. ಆದ್ರೆ ಇಲ್ಲಿ ಸೊನ್ನೆ ಹಾಕಿದ್ದಿದ್ರೆ ನಿಮಗೆ ಏನು ಗೊತ್ತಾಗ್ತಿತ್ತು? ಕಳೆಯೋಕೆ ಬರಲ್ಲ ಅಂದ್ಕೊಂಡು ವರ್ಷವಿಡೀ ಕಳೆಯೋದನ್ನೇ ಹೇಳಿಕೊಡ್ತಿದ್ವಿ. ಇನ್ನು ಈ ಕಾರ್ಡು. ಪ್ರಗತಿಯಲ್ಲಿದೆ ಅಂತ ಬರೆದು ಕೈ ತೊಳ್ಕೊಂಡ್ರೆ ಅದೂ ಸೊನ್ನೆ ಹಾಕಿದ ಹಾಗೇ, ನೀವು ನಕ್ಕಿದ್ದು ಸರಿಯಾಗಿತ್ತು. ಅದರ ಕೆಳಗೆ ಖಾಲಿ ಜಾಗ ಇದೆ. ಯಾವುದು ಬರುತ್ತೆ, ಯಾವುದು ಯಾಕೆ ಬರ್ತಾ ಇಲ್ಲ ಅಂತ ಅಲ್ಲಿ ಬರೀಬೇಕಾದೋಳು ನಾನು. ನಾನು ಬರೀದೆ ಬಿಟ್ರೆ ಬಂದು ಜಗಳ ಆಡಿ.”

ಜಗಳವಾಡಲು ಅಪ್ಪಣೆ ಸಿಕ್ಕಿದ್ದು ಎಲ್ಲರಿಗೂ ಹಿತವಾಯಿತು. ಕಾರ್ಡು ತಿರುಗಿಸಿ ಖಾಲಿ ಜಾಗ ಹುಡುಕುವ ಸದ್ದು ಎದ್ದಿತು. ಹೆಡ್ಮಾಸ್ಟರು ಚಹಾ ತರಿಸಲು ಜವಾನನಿಗೆ ಸನ್ನೆ ಮಾಡಿದರು. ಆ ಗಲಿಬಿಲಿಯ ನಡುವೆ, ಬೋರ್ಡಿನ ಹತ್ತಿರ ಇನ್ನೂ ನಿಂತೇ ಇದ್ದ ಪುಟ್ಟಿ ಅಪ್ಪನ ಅಂಗಿಯ ತುದಿ ಎಳೆದಳು.

“ಹಾಗಾದ್ರೆ ನಾನು ತಂಗಿ ಕ್ಲಾಸಿಗೆ ಹೋಗೋದು ಬೇಡ್ವಾ ಅಪ್ಪಾ?”

ಬಾಗಿಲ ಹತ್ತಿರ ನಿಂತಿದ್ದ ತಾಯಿ ಬಾಯಿಗೆ ಕೈಯಿಟ್ಟುಕೊಂಡಳು. ಮಗಳಿಗೆ ಗೊತ್ತಿಲ್ಲವೆಂದು ಗಂಡ ಹೆಂಡತಿ ಇಷ್ಟು ದಿನ ಪಿಸುಪಿಸು ಮಾತಾಡಿದ್ದೆಲ್ಲ ಅಷ್ಟು ಚೆನ್ನಾದ ಕಿವಿಯವಳಿಗೆ ಕೇಳಿಸಿತ್ತು. ಕೇಳಿಸಿಯೂ ಅವಳು ಒಬ್ಬಳೇ ಅದನ್ನು ಹೊತ್ತುಕೊಂಡು ದಿನಾ ಶಾಲೆಗೆ ಬಂದಿದ್ದಳು.

“ಬೇಡಮ್ಮ,” ಎಂದ ಲೇತಪ್ಪ. “ಬೇಡ. ನೀನು ಇಲ್ಲೇ ಇರು.”

“ಹಾಗಿದ್ರೆ ತಂಗಿಗೆ ನೀನೇ ಹೇಳು. ನಾನು ಹೇಳಿದ್ರೆ ನಂಬಲ್ಲ. ನೀನು ಪೆದ್ದಿ, ಸುಮ್ನಿರು ಅಂತಾಳೆ.”

ಆ ಮಾತನ್ನು ಚಿಕ್ಕವಳು ಎಲ್ಲಿಂದ ಕಲಿತಳೆಂದು ಯಾರೂ ಕೇಳಲಿಲ್ಲ. ಲೇತಪ್ಪನ ತಲೆ ತಗ್ಗಿದ್ದು ನೋಡಿಯೇ ಎಲ್ಲರಿಗೂ ತಿಳಿಯಿತು. ಅವನು ಪುಟ್ಟಿಯ ಕೈ ಹಿಡಿದುಕೊಂಡು ಜಗಲಿಗೆ ನಡೆದ. ಟೀಚರು ಹಿಂದೆಯೇ ಬಾಗಿಲ ತನಕ ಹೋದರು. ಇಣುಕುವುದು ತಪ್ಪೆಂದು ಅವರಿಗೆ ಗೊತ್ತಿತ್ತು, ಆದರೂ ಇಣುಕಿದರು.

ಚಿಕ್ಕವಳು ಕಂಬವನ್ನು ಹಿಡಿದುಕೊಂಡು ಸುತ್ತು ಹೊಡೆಯುತ್ತಿದ್ದಳು. ಲೇತಪ್ಪ ಅವಳ ಮುಂದೆ ಮಂಡಿಯೂರಿ ಕೂತ. “ನೋಡು ಮರಿ, ಅಕ್ಕ ಪೆದ್ದಿ ಅಲ್ಲ. ನಾನು ಹಾಗೆ ಅಂದಿದ್ದು ತಪ್ಪು. ಇನ್ಮೇಲೆ ಯಾರೂ ಅವಳನ್ನ ಹಾಗೆ ಅನ್ನಬಾರದು.”

ಚಿಕ್ಕವಳು ಸುತ್ತುವುದನ್ನು ನಿಲ್ಲಿಸಿದಳು. ಅಪ್ಪನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಕಂಬವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು:

“ಹಾಗಾದ್ರೆ ಪೆದ್ದಿ ನಾನಾ ಅಪ್ಪಾ?”

ಲೇತಪ್ಪ ಇಬ್ಬರನ್ನೂ ಎರಡು ತೋಳಲ್ಲಿ ಎಳೆದುಕೊಂಡ. “ಯಾರೂ ಅಲ್ಲ ಕಂದಾ, ನಮ್ಮನೇಲಿ ಯಾರೂ ಅಲ್ಲ,” ಎಂದು ಹೇಳುತ್ತಲೇ ಇದ್ದ. ಚಿಕ್ಕವಳು ಅವನ ಹೆಗಲ ಮೇಲಿನಿಂದ ಟೀಚರ ಕಡೆ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಭಯ ಇನ್ನೂ ಹೋಗಿರಲಿಲ್ಲ. ಟೀಚರು ‘ನೀನೂ ಅಲ್ಲ’ ಎಂದು ತಲೆಯಾಡಿಸಿದರು. ಅವಳು ಇನ್ನೂ ನೋಡುತ್ತಲೇ ಇದ್ದಳು, ಹಾಗಾಗಿ ಮತ್ತೊಮ್ಮೆ ಆಡಿಸಿದರು.